ಹಳೆಯ ಗಾಜಿನ ಸೀಸೆಗಳು: ಓದುವ ಬಗೆ, ಉಳಿಸುವ ಬಗೆ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಶಾಲೆಯ ಚರಿತ್ರೆಯನ್ನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ನೆರವೇರಿಸಿದ್ದಾರೆ. ನಾನು ಬರೆಯಹೊರಟಿರುವುದು ಖಾಲಿ ಸೀಸೆಗಳ ವಿಷಯ. ಇದೇನು ಮುಪ್ಪಿನ ಚಪಲವೆಂದು ಹಳೆಯ ವಿದ್ಯಾರ್ಥಿಗಳು ನಗಬಾರದು. ಇದರಲ್ಲಿ ಶಾಲೆಯ ಚರಿತ್ರೆಯೂ ಒಂದಿಷ್ಟು ಇದೆ. ನನ್ನ ತಪ್ಪೊಪ್ಪಿಗೆಯೂ ಇದೆ.

ನಾನು ಮುಖ್ಯೋಪಾಧ್ಯಾಯನಾಗಿ ಅಧಿಕಾರ ವಹಿಸಿಕೊಂಡ ವರ್ಷ, ಬೇಸಿಗೆ ರಜೆಯಲ್ಲಿ, ಉಗ್ರಾಣದ ಕೋಣೆಯನ್ನು ಚೊಕ್ಕಟ ಮಾಡಿಸಿದೆ. ಮುರಿದ ಬೆಂಚುಗಳ ಹಿಂದೆ ಎರಡು ಗೋಣಿಚೀಲಗಳ ತುಂಬ ಹಳೆಯ ಸೀಸೆಗಳಿದ್ದವು. ಮಸಿಬುಡ್ಡಿಗಳು, ಔಷಧದ ಸೀಸೆಗಳು, ಗೋಲಿ ಸೋಡಾ ಸೀಸೆಗಳು, ಲಾಂದ್ರದ ಗಾಜುಗಳು, ದಪ್ಪ ಹಸಿರು ಗಾಜಿನ ಕೆಲವು ಎಣ್ಣೆಸೀಸೆಗಳು ಅವುಗಳಲ್ಲಿದ್ದವು. ನಾನು ಅವೆಲ್ಲವನ್ನೂ ಗುಜರಿಯವನಿಗೆ ತೂಗಿಸಿ ಕೊಟ್ಟೆ. ಬಂದ ಹಣದಿಂದ ಒಂದು ಕೋಣೆಗೆ ಸುಣ್ಣ ಬಳಿಸಿ, ಖರ್ಚಿನ ಪುಸ್ತಕದಲ್ಲಿ ಚಿಕ್ಕಾಸು ಬಿಡದಂತೆ ಬರೆದಿಟ್ಟೆ. ಲೆಕ್ಕ ಸರಿಯಾಗಿತ್ತು. ತಪ್ಪು ಲೆಕ್ಕದಲ್ಲಿರಲಿಲ್ಲ.

ಎಷ್ಟೋ ವರ್ಷಗಳ ನಂತರ ನಾನು ನಿವೃತ್ತನಾದ ದಿನ, ಶಾಲೆಯ ಆರಂಭದಿಂದಲೂ ಜವಾನನಾಗಿದ್ದು ನನಗಿಂತ ಮೊದಲೇ ನಿವೃತ್ತನಾಗಿದ್ದ ಹಿರಿಯನೊಬ್ಬ ಮನೆಗೆ ಬಂದು ಒಂದು ಸೀಸೆಯನ್ನು ನನ್ನ ಕೈಗಿತ್ತ. ಅಂದು ತೂಕಕ್ಕೆ ಹಾಕುವಾಗ ಹರಳೆಣ್ಣೆಗೆ ಬೇಕೆಂದು ಅವನು ಕೇಳಿ ಎತ್ತಿಟ್ಟುಕೊಂಡಿದ್ದ ಸೀಸೆ ಅದು. “ಇವು ಊರವರು ಕೊಟ್ಟವು ಸಾರ್” ಎಂದ. ಶಾಲೆ ಆರಂಭವಾದ ವರ್ಷ ವಿಜ್ಞಾನದ ಪ್ರಯೋಗಗಳಿಗೆ ಒಂದು ಗಾಜಿನ ಪಾತ್ರೆಯೂ ಇರಲಿಲ್ಲವಂತೆ. ಅಂದಿನ ಉಪಾಧ್ಯಾಯರು ಮನೆಮನೆಗೆ ಹೋಗಿ ಕೇಳಿದಾಗ, ವಂತಿಗೆಗೆ ದುಡ್ಡಿಲ್ಲದ ಮನೆಯವರು ತಮ್ಮಲ್ಲಿದ್ದ ಸೀಸೆ ಬುಡ್ಡಿಗಳನ್ನು ತೊಳೆದು ತಂದುಕೊಟ್ಟರಂತೆ. “ಆವತ್ತೇ ಏಕಪ್ಪಾ ಹೇಳಲಿಲ್ಲ?” ಎಂದೆ. “ತಾವು ಕೇಳಲಿಲ್ಲ ಸಾರ್” ಎಂದ.

ಕೇಳದೆ ಮಾರಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ನಾನು ಆ ಒಂದು ಸೀಸೆಯನ್ನು ಓದಲು ತೊಡಗಿದೆ. ಶಾಸನವನ್ನು ಓದುವಂತೆ ಸೀಸೆಯನ್ನೂ ಓದಬಹುದೆಂದು ಆಗ ತಿಳಿಯಿತು. ಆ ಓದಿನ ಬಗೆಯನ್ನು ವಾಚಕರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಗಾಜಿನ ಹುಟ್ಟು

ಗಾಜು ಮೂರು ವಸ್ತುಗಳ ಸೇರುವಿಕೆ: ಮರಳು, ಸೋಡಾ ಕ್ಷಾರ ಮತ್ತು ಸುಣ್ಣ. ಶುದ್ಧ ಬಿಳಿಯ ಮರಳು ತಾನೊಂದೇ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಸೌದೆಯ ಒಲೆಗೆ ಅದು ಸಾಧ್ಯವಲ್ಲ. ಅದಕ್ಕೆ ಸೋಡಾ ಬೆರೆಸಿದರೆ ಬಹು ಕಡಿಮೆ ಶಾಖದಲ್ಲೇ ಕರಗುತ್ತದೆ. ಆದರೆ ಮರಳು ಮತ್ತು ಸೋಡಾ ಮಾತ್ರವಿದ್ದರೆ ಆ ಗಾಜು ನೀರಿನಲ್ಲಿ ಕರಗಿಹೋಗುವಂಥದು. ಅದನ್ನು ಗಟ್ಟಿಯಾಗಿ ನಿಲ್ಲಿಸುವುದು ಸುಣ್ಣ. ಒಂದು ವಸ್ತು ಕರಗಿಸುತ್ತದೆ, ಇನ್ನೊಂದು ನಿಲ್ಲಿಸುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಹಲವರಿಗೆ ನೆನಪಿರಬಹುದು.

ನಮ್ಮ ರೊದ್ದಂ ಸೀಮೆಯವರಿಗೆ ಈ ಮೂರೂ ಅಪರಿಚಿತವಲ್ಲ. ಪಿನಾಕಿನಿಯಲ್ಲಿ ನೀರು ಕಾಣುವ ದಿನಗಳಿಗಿಂತ ಮರಳು ಕಾಣುವ ದಿನಗಳೇ ಹೆಚ್ಚು. ತಗ್ಗಿನ ಹೊಲಗಳಲ್ಲಿ ಬೇಸಿಗೆಗೆ ಬೆಳ್ಳಗೆ ಹೂತು ನಿಲ್ಲುವ ಚೌಳು ಮಣ್ಣಿನಲ್ಲಿ ಸೋಡಾ ಕ್ಷಾರವಿದೆ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಅದನ್ನೇ ಬಳಸುತ್ತಿದ್ದರು. ಬೆಳೆಗೆ ಶತ್ರುವೆಂದು ರೈತ ಬೈಯುವ ಮಣ್ಣು ಗಾಜಿನವನಿಗೆ ಬಂಡವಾಳ.

ಇದು ಬರಿಯ ಮಾತಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು ಎಂಬ ಊರು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಆ ಊರಿನ ಬಳೆಯ ಕುಲುಮೆಗಳನ್ನು ಕಂಡು, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅಲ್ಲಿಯ ಗಾಜು ಒರಟು, ಬೆಳಕು ಹಾಯದಂಥದು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಲ್ಲಿ ದೊರೆಯುತ್ತಿತ್ತು. ಬೆಣಚುಕಲ್ಲಿನ ಪುಡಿ, ಚೌಳು ಮಣ್ಣಿನಿಂದ ತೆಗೆದ ಸೋಡಾ ಮೊದಲಾದ ಸಾಮಗ್ರಿಯೆಲ್ಲ ಸುತ್ತಮುತ್ತಲೇ ಸಿಗುತ್ತಿತ್ತು. ನಮ್ಮ ಮುತ್ತಜ್ಜಿಯರ ಕೈಗೆ ಬಳೆಗಾರನು ತೊಡಿಸುತ್ತಿದ್ದ ಬಳೆ ಇಂಥ ಕುಲುಮೆಗಳ ಬಳೆ. ಆದರೆ ನಮ್ಮವರು ಬಳೆ, ಮಣಿಗಳಲ್ಲಿ ತೋರಿದ ಕೌಶಲವನ್ನು ಸೀಸೆಯ ಕಡೆಗೆ ಅಷ್ಟಾಗಿ ತಿರುಗಿಸಲಿಲ್ಲ. ಎಣ್ಣೆಗೆ ಕುಡಿಕೆ, ತುಪ್ಪಕ್ಕೆ ಗಡಿಗೆ, ಉಪ್ಪಿನಕಾಯಿಗೆ ಭರಣಿ ಇದ್ದ ನಾಡಿನಲ್ಲಿ ಸೀಸೆಯ ಅಗತ್ಯ ಕಡಿಮೆಯಿತ್ತು. ಸೀಸೆ ನಮ್ಮ ಹಳ್ಳಿಗಳಿಗೆ ಬಂದದ್ದು ಬಹುಮಟ್ಟಿಗೆ ಹೊರಗಿನಿಂದ, ಒಳಗಿದ್ದುದು ಮುಗಿದ ಮೇಲೆ ಖಾಲಿಯಾಗಿ.

ಊದುವ ಕೆಲಸ

ಕರಗಿದ ಗಾಜನ್ನು ಕೊಳವೆಯ ತುದಿಗೆ ಮೆತ್ತಿಕೊಂಡು ಉಸಿರಿನಿಂದ ಊದಿ ಪಾತ್ರೆ ಮಾಡುವ ವಿದ್ಯೆ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ತೀನ್ ಕಡೆ ಹುಟ್ಟಿತು. ಅಲ್ಲಿಂದ ಮುಂದೆ ಹತ್ತೊಂಬತ್ತು ಶತಮಾನಗಳ ಕಾಲ ಜಗತ್ತಿನ ಸೀಸೆಗಳೆಲ್ಲ ಮನುಷ್ಯನ ಉಸಿರಿನಿಂದಲೇ ಆದವು.

ಆ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಒದಗಿದ್ದು ಮಗಳ ದೆಸೆಯಿಂದ. ನಮ್ಮ ಶಾಲೆಯಲ್ಲೇ ಓದಿದ ಅವಳು ಈಗ ಅಮೆರಿಕದಲ್ಲಿ ಸಂಸಾರ ಹೂಡಿದ್ದಾಳೆ. ನನ್ನ ಸೀಸೆಯ ಹುಚ್ಚನ್ನು ಬಲ್ಲವಳಾದ್ದರಿಂದ ನ್ಯೂಜೆರ್ಸಿ ರಾಜ್ಯದ ಮಿಲ್‌ವಿಲ್ ಎಂಬ ಊರಿನ ಅಮೆರಿಕನ್ ಗಾಜಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ಅಲ್ಲಿ 1888ರ ಒಂದು ಗಾಜಿನ ಕಾರ್ಖಾನೆಯ ಮಾದರಿಯಲ್ಲಿ ಕಟ್ಟಿದ ಕುಲುಮೆಯಿದೆ. ಕುಶಲಿಗಳು ನೋಡುಗರ ಮುಂದೆ ಊದಿ ತೋರಿಸುತ್ತಾರೆ.

ಕುಶಲಿಯು ಉದ್ದನೆಯ ಕಬ್ಬಿಣದ ಕೊಳವೆಯನ್ನು ಕುಲುಮೆಗೆ ಹಾಕಿ, ಕಾಕಂಬಿಯನ್ನು ಕೋಲಿಗೆ ಸುತ್ತಿಕೊಳ್ಳುವಂತೆ, ಕರಗಿದ ಗಾಜನ್ನು ಸುತ್ತಿ ತೆಗೆಯುತ್ತಾನೆ. ನುಣುಪಾದ ಕಬ್ಬಿಣದ ಹಲಗೆಯ ಮೇಲೆ ಅದನ್ನು ಉರುಳಿಸಿ ದುಂಡಗೆ ಮಾಡುತ್ತಾನೆ. ಊದುತ್ತಾನೆ, ತಿರುಗಿಸುತ್ತಾನೆ, ತೂಗಾಡಿಸಿ ಉದ್ದ ಮಾಡುತ್ತಾನೆ. ಒಂದು ಕ್ಷಣ ತಿರುಗಿಸುವುದನ್ನು ನಿಲ್ಲಿಸಿದರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಆಕಾರ ಬಂದ ಮೇಲೆ ಇನ್ನೊಂದು ಕಬ್ಬಿಣದ ಸಲಾಕೆಯನ್ನು ಬಿಸಿಗಾಜಿನ ಮುದ್ದೆಯಿಂದ ಸೀಸೆಯ ತಳಕ್ಕೆ ಅಂಟಿಸಿ, ಊದುವ ಕೊಳವೆಯನ್ನು ಕತ್ತಿನ ಬಳಿ ತಟ್ಟಿ ಬಿಡಿಸುತ್ತಾನೆ. ಈಗ ಸೀಸೆ ತಳದ ಸಲಾಕೆಯ ಮೇಲೆ ನಿಂತಿರುತ್ತದೆ. ಬಾಯಿಯನ್ನು ಮತ್ತೆ ಕಾಯಿಸಿ, ಗಾಜಿನ ಒಂದು ಎಳೆಯನ್ನು ಉಂಗುರದಂತೆ ಸುತ್ತಿ ತುಟಿ ಮಾಡುತ್ತಾನೆ. ಕೊನೆಗೆ ಸಲಾಕೆಗೆ ಒಂದು ಪೆಟ್ಟು ಕೊಟ್ಟರೆ ಸೀಸೆ ಕಳಚಿಕೊಳ್ಳುತ್ತದೆ. ಕಳಚಿದ ಜಾಗದಲ್ಲಿ ಹರಿತವಾದ ಗಾಯದ ಗುರುತೊಂದು ಉಳಿಯುತ್ತದೆ. ಬಳಿಕ ಸೀಸೆಯನ್ನು ತಣಿಸುವ ಒಲೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಅವಸರದಲ್ಲಿ ಆರಿದ ಗಾಜಿನ ಹೊರಮೈ ಮೊದಲು ಕುಗ್ಗಿ ಒಳಮೈ ಆಮೇಲೆ ಕುಗ್ಗುವುದರಿಂದ ಒಳಗೇ ಸೆಳೆತ ಉಳಿದು, ಮುಂದೊಂದು ದಿನ ಕಾರಣವಿಲ್ಲದೆ ಸೀಳುತ್ತದೆ.

ತಳದ ಆ ಗಾಯವನ್ನು ಕಂಡಾಗ ನನ್ನ ಮೈ ಜುಮ್ಮೆಂದಿತು. ಜವಾನನು ಕೊಟ್ಟ ಸೀಸೆಯ ತಳದಲ್ಲಿ ನನ್ನ ಹೆಬ್ಬೆರಳಿಗೆ ಒರಟಾಗಿ ತಾಗುತ್ತಿದ್ದುದು ಅದೇ ಗುರುತು.

ಗುರುತು ಹಿಡಿಯುವ ಬಗೆ

ಮನೆಯಲ್ಲಿ ಹಳೆಯ ಸೀಸೆ ಸಿಕ್ಕರೆ ಈ ಐದು ಕಡೆ ನೋಡಬೇಕು.

ಮೊದಲನೆಯದು ತಳ. ಸಲಾಕೆಯ ಗಾಯವಿದ್ದರೆ ಅದು ಕೈಯಿಂದ ಮಾಡಿದ ಸೀಸೆ. ಸುಮಾರು 1850ರ ನಂತರ ತಳವನ್ನು ಹೊರಗಿನಿಂದ ಅಪ್ಪಿ ಹಿಡಿಯುವ ಚಿಮುಟದಂಥ ಹಿಡಿಕೆ ಬಳಕೆಗೆ ಬಂದು, ಸಾಧಾರಣ ಸೀಸೆಗಳಲ್ಲಿ ಈ ಗಾಯ ಕ್ರಮೇಣ ಇಲ್ಲವಾಯಿತು. ಆದರೆ ಇಂದಿಗೂ ಕೈಯಿಂದ ಊದಿದ ಅಲಂಕಾರದ ವಸ್ತುಗಳಲ್ಲಿ ಗಾಯವಿರುತ್ತದೆ. ಆದ್ದರಿಂದ ಇದೊಂದೇ ಗುರುತನ್ನು ನಂಬಿ ವಯಸ್ಸನ್ನು ಹೇಳಬಾರದು.

ಎರಡನೆಯದು ಪಕ್ಕದ ಗೆರೆ. ಅಚ್ಚಿನಲ್ಲಿ ಊದಿದ ಸೀಸೆಗೆ, ಅಚ್ಚಿನ ಹೋಳುಗಳು ಕೂಡುವ ಕಡೆ ಮೇಲಿನಿಂದ ಕೆಳಗೆ ಉಬ್ಬುಗೆರೆ ಬೀಳುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹೆನ್ರಿ ರಿಕೆಟ್ಸ್ ಎಂಬಾತನು 1821ರಲ್ಲಿ ಇಂಥ ಹೋಳಿನ ಅಚ್ಚಿಗೆ ಹಕ್ಕುಪತ್ರ ಪಡೆದನು. ಗೆರೆಯ ಮೇಲೆ ಉಗುರನ್ನು ಇಟ್ಟು ಮೇಲಕ್ಕೆ ಎಳೆಯಿರಿ. ಅದು ಕತ್ತಿನಲ್ಲೇ ನಿಂತರೆ ಬಾಯಿಯನ್ನು ಕೈಯಿಂದ ಮಾಡಿದ್ದಾರೆ ಎಂದರ್ಥ. ತುಟಿಯನ್ನು ಹತ್ತಿ ದಾಟಿ ಹೋದರೆ ಅದು ಯಂತ್ರದ ಸೀಸೆ.

ಮೂರನೆಯದು ಬಾಯಿ. ಕೈಯಿಂದ ಸುತ್ತಿದ ತುಟಿ ಒಂದೆಡೆ ದಪ್ಪ, ಒಂದೆಡೆ ತೆಳು. ಕೆಲವು ಕಡೆ ಎಳೆ ಮುಗಿದ ಜಾಗವೂ ಕಾಣುತ್ತದೆ.

ನಾಲ್ಕನೆಯದು ಗಾಜಿನ ಒಡಲು. ಬೆಳಕಿಗೆ ಹಿಡಿದರೆ ಗುಳ್ಳೆಗಳು ಕಾಣುತ್ತವೆ. ಗೋಡೆ ಒಂದು ಪಕ್ಕ ದಪ್ಪವಿರುತ್ತದೆ. ಅಚ್ಚು ತಣ್ಣಗಿದ್ದಾಗ ಊದಿದರೆ ಮೈಮೇಲೆ ಬಾಚಿಯಿಂದ ಕೆತ್ತಿದಂಥ ತೆರೆಗಳು ಬೀಳುತ್ತವೆ.

ಐದನೆಯದು ಬಣ್ಣ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ತಾನಾಗಿಯೇ ಹಸಿರು ಛಾಯೆ ಬರುತ್ತದೆ. ಕೋಬಾಲ್ಟ್ ಕಡುನೀಲಿಯನ್ನು ಕೊಡುತ್ತದೆ. ಕಬ್ಬಿಣ, ಗಂಧಕ, ಇಂಗಾಲಗಳು ಕೂಡಿದರೆ ಜೇನಿನ ಬಣ್ಣ. ಹಸಿರನ್ನು ಕಳೆಯಲು ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಬಿಳಿಗಾಜು ಬಹುಕಾಲ ಬಿಸಿಲುಂಡರೆ ನೇರಳೆಗೆ ತಿರುಗುತ್ತದೆ. ಇಂಗ್ಲೆಂಡಿನಲ್ಲಿ ವಿಷದ ಸೀಸೆಗಳನ್ನು ನೀಲಿ ಅಥವಾ ಹಸಿರು ಗಾಜಿನಲ್ಲಿ, ಮೈಮೇಲೆ ಉಬ್ಬು ಪಟ್ಟಿಗಳನ್ನಿಟ್ಟು ಮಾಡುತ್ತಿದ್ದರು. ಕತ್ತಲಲ್ಲಿ ಕೈ ಹಾಕಿದವನು ಸ್ಪರ್ಶದಿಂದಲೇ ಎಚ್ಚರಗೊಳ್ಳಲೆಂಬುದು ಉದ್ದೇಶ.

ಈ ಐದು ಪರೀಕ್ಷೆಗಳಲ್ಲಿ ನನ್ನ ಸೀಸೆ ಹೇಗೆ ತೇರ್ಗಡೆಯಾಯಿತೆಂದರೆ: ತಳದಲ್ಲಿ ಗಾಯವಿದೆ, ಪಕ್ಕದಲ್ಲಿ ಗೆರೆಯಿಲ್ಲ, ತುಟಿ ಓರೆ, ಗುಳ್ಳೆ ಹೇರಳ, ಬಣ್ಣ ಕಪ್ಪೆನಿಸುವ ಹಸಿರು. ಮೇಜಿನ ಮೇಲಿಟ್ಟರೆ ಸ್ವಲ್ಪ ವಾಲಿ ನಿಲ್ಲುತ್ತದೆ. ಬಹುಶಃ ವಿಲಾಯತಿಯಲ್ಲಿ ಹುಟ್ಟಿ, ಬಳ್ಳಾರಿಯದೋ ಬೆಂಗಳೂರಿನದೋ ದಂಡಿನಲ್ಲಿ ಬರಿದಾಗಿ, ಸಂತೆಯಿಂದ ಸಂತೆಗೆ ಸಾಗಿ ನಮ್ಮ ಸೀಮೆಯ ಒಂದು ಅಡುಗೆಮನೆಯ ಗೂಡಿಗೆ ಬಂದಿರಬೇಕೆಂಬುದು ನನ್ನ ಊಹೆ.

ಅಮೆರಿಕದವರ ಸೀಸೆಗಳು

ಹಳೆಯ ಸೀಸೆಗಳನ್ನು ಶಾಸ್ತ್ರೀಯವಾಗಿ ಸಂಗ್ರಹಿಸಿ ಅಭ್ಯಸಿಸುವುದರಲ್ಲಿ ಅಮೆರಿಕದವರು ಮುಂದಿದ್ದಾರೆ. ಇಂಗ್ಲಿಷರು ಅಲ್ಲಿ ನೆಲೆಯೂರಿದ ಜೇಮ್ಸ್‌ಟೌನಿನಲ್ಲಿ 1608ರಲ್ಲೇ ಗಾಜಿನ ಕುಲುಮೆ ಹೂಡಿದರೂ ಅದು ನಿಲ್ಲಲಿಲ್ಲ. ಬಹುಕಾಲ ನಡೆದ ಮೊದಲ ಕಾರ್ಖಾನೆಯನ್ನು ಕಟ್ಟಿದವನು ಜರ್ಮನಿಯಿಂದ ವಲಸೆ ಬಂದು ಗುಂಡಿ ತಯಾರಿಸುತ್ತಿದ್ದ ಕ್ಯಾಸ್ಪರ್ ವಿಸ್ಟಾರ್. ಅವನು 1739ರಲ್ಲಿ ನ್ಯೂಜೆರ್ಸಿಯ ಸೇಲಂ ಪ್ರಾಂತದಲ್ಲಿ ಜರ್ಮನ್ ಕುಶಲಿಗಳನ್ನು ಕರೆಸಿ ಕಿಟಕಿಯ ಗಾಜನ್ನೂ ಸೀಸೆಗಳನ್ನೂ ಮಾಡಿಸಿದನು. ವಸಾಹತುಗಳು ತಾವೇ ಸರಕು ತಯಾರಿಸದೆ ತಮ್ಮಿಂದಲೇ ಕೊಳ್ಳಬೇಕೆಂಬುದು ಇಂಗ್ಲಿಷರ ಅಂದಿನ ಧೋರಣೆ. ನಮ್ಮ ನೇಕಾರರ ಕಥೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಬ್ಬ ಹೆನ್ರಿ ವಿಲಿಯಂ ಸ್ಟೀಗಲ್. ಪೆನ್ಸಿಲ್ವೇನಿಯದ ಮ್ಯಾನ್‌ಹೈಮ್ ಎಂಬ ಊರಿನಲ್ಲಿ ಇವನು ಮಾಡಿಸಿದ ನೀಲಿ, ನೇರಳೆ ಬಣ್ಣದ ಚಪ್ಪಟೆ ಬುಡ್ಡಿಗಳಿಗೆ ಇಂದಿಗೂ ಬಹಳ ಬೇಡಿಕೆ. ವೈಭವದಿಂದ ಬಾಳಿದ ಈತ 1774ರಲ್ಲಿ ದಿವಾಳಿಯಾಗಿ, ಸಾಲಕ್ಕಾಗಿ ಸೆರೆಮನೆ ಸೇರಿ, ಕೊನೆಗಾಲದಲ್ಲಿ ಹುಡುಗರಿಗೆ ಪಾಠ ಹೇಳಿ ಜೀವಿಸಿ 1785ರಲ್ಲಿ ಬಡವನಾಗಿ ತೀರಿಕೊಂಡ. ಅನುಕೂಲವಿದ್ದ ಕಾಲದಲ್ಲಿ, 1772ರಲ್ಲಿ, ಅವನು ಊರಿನ ಪ್ರಾರ್ಥನಾ ಮಂದಿರಕ್ಕೆ ಜಾಗ ಕೊಟ್ಟಾಗ ವರ್ಷಕ್ಕೊಂದು ಕೆಂಪು ಗುಲಾಬಿಯನ್ನು ಗುತ್ತಿಗೆಯಾಗಿ ಬರೆಸಿದ್ದನಂತೆ. ಆ ಗುಲಾಬಿಯನ್ನು ಅವನ ವಂಶಸ್ಥರಿಗೆ ಒಪ್ಪಿಸುವ ಹಬ್ಬ ಅಲ್ಲಿ ನಡೆದುಬಂದಿದೆ. ಗಾಜಿನ ಕಾರ್ಖಾನೆ ಮುರಿದುಬಿತ್ತು. ಕೊಟ್ಟ ದಾನದ ನೆನಪು ಉಳಿಯಿತು.

ಸಂಗ್ರಾಹಕರು ಹೆಚ್ಚಾಗಿ ಅರಸುವುದು ಸುಮಾರು 1815ರಿಂದ 1870ರವರೆಗೆ ತಯಾರಾದ ಚಿತ್ರದ ಬುಡ್ಡಿಗಳನ್ನು. ಜೇಬಿನಲ್ಲಿಡಬಹುದಾದ ಚಪ್ಪಟೆಯ ಮದ್ಯದ ಬುಡ್ಡಿಗಳಿವು. ಅಳತೆ ಅರ್ಧ ಪೈಂಟ್, ಒಂದು ಪೈಂಟ್ ಅಥವಾ ಎರಡು ಪೈಂಟಿನ ಕ್ವಾರ್ಟ್. ಅಲ್ಲಿಯ ಪೈಂಟ್ ನಮ್ಮ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ. ಎರಡು ಹೋಳಿನ ಅಚ್ಚಿನಲ್ಲಿ ಊದಿದ್ದರಿಂದ ಎರಡು ಮೈಗಳಲ್ಲೂ ಉಬ್ಬುಚಿತ್ರಗಳಿರುತ್ತವೆ. ಒಂದು ಕಡೆ ಜಾರ್ಜ್ ವಾಷಿಂಗ್ಟನ್, ಇನ್ನೊಂದು ಕಡೆ ರಾಷ್ಟ್ರದ ಗರುಡ; 1824–25ರಲ್ಲಿ ಲಫಾಯೆಟ್ ಅಮೆರಿಕಕ್ಕೆ ಬಂದಾಗ ಅವನ ಮುಖ; 1850ರಲ್ಲಿ ಗಾಯಕಿ ಜೆನ್ನಿ ಲಿಂಡ್ ಬಂದಾಗ ಅವಳ ಮುಖ. ಪತ್ರಿಕೆ ಓದಲಾರದವನಿಗೂ ದೇಶದ ಸುದ್ದಿ ಬುಡ್ಡಿಯ ಮೇಲೆ ತಲಪುತ್ತಿತ್ತು. ಮದ್ಯದ ವಿಷಯ ಶಾಲೆಯ ಸಂಚಿಕೆಗೆ ಹೊಂದದೆಂದು ಹಿರಿಯರು ಮುನಿಯಬಾರದು. ನಾವು ನೋಡುತ್ತಿರುವುದು ಬುಡ್ಡಿಯನ್ನೇ ಹೊರತು ಒಳಗಿದ್ದುದನ್ನಲ್ಲ.

ಈ ಅಭ್ಯಾಸಕ್ಕೆ ಶಿಸ್ತು ತಂದವರು ಜಾರ್ಜ್ ಮ್ಯಾಕ್‌ಕೀರಿನ್ ಮತ್ತು ಅವರ ಮಗಳು ಹೆಲೆನ್. ತಂದೆ ಮಗಳು ಕೂಡಿ 1941ರಲ್ಲಿ ಪ್ರಕಟಿಸಿದ ‘ಅಮೆರಿಕನ್ ಗ್ಲಾಸ್’ ಎಂಬ ಗ್ರಂಥದಲ್ಲಿ ಬುಡ್ಡಿಗಳನ್ನು ಗುಂಪುಗಳಾಗಿ ವಿಂಗಡಿಸಿ ಒಂದೊಂದು ಅಚ್ಚಿಗೂ ಒಂದೊಂದು ಸಂಖ್ಯೆ ಕೊಟ್ಟರು. ಇಂದಿಗೂ ಸಂಗ್ರಾಹಕರು ಆ ಸಂಖ್ಯೆಯಿಂದಲೇ ಬುಡ್ಡಿಯನ್ನು ಹೆಸರಿಸುತ್ತಾರೆ. ಬೆಲೆ ಏರಿದ ಕಡೆ ಮೋಸವೂ ಏರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಚಿತ್ರಗಳ ನಕಲಿ ಬುಡ್ಡಿಗಳು ತಳದ ಗಾಯ ಸಮೇತ ತಯಾರಾದವು. ಅಸಲಿಯನ್ನು ಗುರುತಿಸಲು ಒಂದು ಉಪಾಯ ತಳದ ಸವೆತ. ನೂರು ವರ್ಷ ಹಲಗೆಯ ಮೇಲೆ ಇಟ್ಟು ಎತ್ತಿದ ಬುಡ್ಡಿಯ ತಳದಲ್ಲಿ ಸೂಕ್ಷ್ಮ ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಉಪ್ಪುಕಾಗದದಿಂದ ಉಜ್ಜಿದ ನಕಲಿಯಲ್ಲಿ ಗೀರುಗಳು ಒಂದೇ ದಿಕ್ಕಿಗೆ ಇರುತ್ತವೆ.

ಕೈಯ ಕಾಲ ಮುಗಿದದ್ದು 1903ರಲ್ಲಿ ಎನ್ನಬಹುದು. ಒಹಾಯೊ ರಾಜ್ಯದ ಟೊಲಿಡೊ ನಗರದಲ್ಲಿ ಮೈಕಲ್ ಓವೆನ್ಸ್ ಎಂಬವನು ತಾನೇ ಗಾಜನ್ನು ಹೀರಿ ತಾನೇ ಊದುವ ಯಂತ್ರವನ್ನು ಆ ವರ್ಷ ಸಿದ್ಧಪಡಿಸಿದನು. ಈತ ಹತ್ತನೆಯ ವಯಸ್ಸಿನಲ್ಲಿ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ಎತ್ತಿಹಾಕುವ ಹುಡುಗನಾಗಿ ಸೇರಿದವನು. ಕೈಯಿಂದ ಊದುವ ಕಾರ್ಖಾನೆಗಳಲ್ಲಿ ಬಿಸಿ ಸೀಸೆಗಳನ್ನು ಹೊತ್ತು ಓಡುವ ಕೆಲಸಕ್ಕೆ ಇಂಥ ಎಳೆಯ ಹುಡುಗರನ್ನೇ ಹಚ್ಚುತ್ತಿದ್ದರು. ಯಂತ್ರ ಬಂದು ಆ ಕೆಲಸವನ್ನು ತಪ್ಪಿಸಿತು. ಕೈಯ ಸೊಬಗು ಹೋಯಿತೆಂದು ಮರುಗುವಾಗ, ಶಾಲೆಯಲ್ಲಿರಬೇಕಾದ ಆ ಹುಡುಗರನ್ನೂ ನೆನೆಯಬೇಕು. ಉಪಾಧ್ಯಾಯನಾದವನು ಯಂತ್ರವನ್ನು ಪೂರ್ತಿ ಬೈಯಲಾರ.

ನಮ್ಮ ಗೋಲಿ ಸೋಡಾ, ನಮ್ಮ ಮಸಿಬುಡ್ಡಿ

ಅಮೆರಿಕದ ಬುಡ್ಡಿ ನಮಗೆ ಸಿಗಲಾರದು. ಸಿಗಬೇಕಾದ ಅಗತ್ಯವೂ ಇಲ್ಲ. ನಮ್ಮ ಸಂತೆಯಲ್ಲೇ ನೋಡತಕ್ಕ ವಸ್ತುವಿತ್ತು. ಗೋಲಿ ಸೋಡಾ ಸೀಸೆಯನ್ನು ಕಂಡುಹಿಡಿದವನು ಲಂಡನ್ನಿನ ಹೈರಂ ಕಾಡ್. ಅದರ ಹಕ್ಕುಪತ್ರದ ಕಾಲ 1872. ಮುಚ್ಚಳವಿಲ್ಲದೆ ಒಳಗಿನ ಅನಿಲದ ಒತ್ತಡದಿಂದಲೇ ಗೋಲಿ ಮೇಲೆದ್ದು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿಕೊಂಡು ಸೀಸೆಯನ್ನು ಮುಚ್ಚುವುದು ಇದರ ವೈಶಿಷ್ಟ್ಯ. ಸೀಸೆಯನ್ನು ತಲೆಕೆಳಗು ಮಾಡಿ ತುಂಬುವುದು ಅದಕ್ಕಾಗಿಯೇ. ಕುಡಿಯುವಾಗ ಗೋಲಿ ಬಾಯಿಗೆ ಬಂದು ಅಡ್ಡ ನಿಲ್ಲದಂತೆ ತಡೆಯಲು ಕತ್ತಿನಲ್ಲಿ ಎರಡು ತಗ್ಗುಗಳಿವೆ.

ಅಷ್ಟು ದೊಡ್ಡ ಗೋಲಿ ಅಷ್ಟು ಸಣ್ಣ ಬಾಯಿಯಲ್ಲಿ ಒಳಗೆ ಹೋದದ್ದು ಹೇಗೆ? ಐದನೆಯ ತರಗತಿಯ ಹುಡುಗರು ತಲೆಮಾರಿನಿಂದ ತಲೆಮಾರಿಗೆ ಕೇಳುತ್ತ ಬಂದ ಪ್ರಶ್ನೆಯಿದು. ಉತ್ತರ ಸುಲಭ. ಮೊದಲು ಬಾಯಿಯನ್ನು ಅಗಲವಾಗಿಯೇ ಬಿಟ್ಟು, ಗೋಲಿಯನ್ನು ಹಾಕಿ, ಆಮೇಲೆ ಕತ್ತನ್ನು ಕಾಯಿಸಿ ಕಿರಿದು ಮಾಡುತ್ತಾರೆ. ಈ ಸೀಸೆಗಳು ಅಪರೂಪವಾಗಲು ಆ ಗೋಲಿಯೇ ಕಾರಣ. ಇಂಗ್ಲೆಂಡಿನ ಹುಡುಗರೂ ನಮ್ಮ ಹುಡುಗರೂ ಗೋಲಿಗಾಗಿ ಸೀಸೆ ಒಡೆಯುವುದರಲ್ಲಿ ಒಂದೇ ಜಾತಿ. ಇಂಗ್ಲೆಂಡು ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಭಾರತದಲ್ಲೂ ಜಪಾನಿನಲ್ಲೂ ಇದು ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ ಆಧುನಿಕ ಗಾಜಿನ ಉದ್ಯಮ ಬೇರೂರಿದ್ದು ಸ್ವದೇಶಿ ಚಳವಳಿಯ ಕಾಲದಲ್ಲಿ. ಮಹಾರಾಷ್ಟ್ರದ ತಳೇಗಾಂವದಲ್ಲಿ 1908ರಲ್ಲಿ ಆರಂಭವಾದ ಪೈಸಾ ಫಂಡ್ ಗಾಜಿನ ಕಾರ್ಖಾನೆಯು, ಹೆಸರೇ ಹೇಳುವಂತೆ, ಜನಸಾಮಾನ್ಯರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ ಎದ್ದಿತು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಕರಾಡದ ಬಳಿಯ ಓಗಲೇವಾಡಿಯಲ್ಲಿ 1916ರಲ್ಲಿ ಓಗಲೆ ಗಾಜಿನ ಕಾರ್ಖಾನೆ ಆರಂಭವಾಯಿತು. ಅವರ ಪ್ರಭಾಕರ ಲಾಂದ್ರದ ಬೆಳಕಿನಲ್ಲಿ ಎಷ್ಟೋ ಮಕ್ಕಳು ಅಕ್ಷರ ಕಲಿತರು. ಲಾಂದ್ರಕ್ಕೆ ಅನುಕೂಲವಿಲ್ಲದ ನಮ್ಮಂಥ ಮನೆಗಳಲ್ಲಿ ಖಾಲಿ ಮಸಿಬುಡ್ಡಿಯ ಮುಚ್ಚಳಕ್ಕೆ ತೂತು ಕೊರೆದು, ಬತ್ತಿ ತೂರಿಸಿ, ಸೀಮೆಎಣ್ಣೆ ಹಾಕಿದರೆ ಅದೇ ದೀಪ. ಹಗಲು ಮಸಿಯಾಗಿ, ರಾತ್ರಿ ಬೆಳಕಾಗಿ ಒಂದೇ ಬುಡ್ಡಿ ನನ್ನನ್ನು ಮೆಟ್ರಿಕ್ ದಾಟಿಸಿತು. ಆಸ್ಪತ್ರೆಯ ಕಾಂಪೌಂಡರು ಕೊಡುತ್ತಿದ್ದ ಕೆಂಪು ಔಷಧದ ಸೀಸೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿರುತ್ತಿದ್ದುದು ನನ್ನ ವಯಸ್ಸಿನವರಿಗೆ ಮರೆತಿರಲಾರದು. ಒಂದು ಹಲ್ಲು ಒಂದು ಹೊತ್ತಿನ ಔಷಧ. ಓದು ಬಾರದ ತಾಯಿಯೂ ಅದನ್ನು ನೋಡಿ ತಪ್ಪದೆ ಕುಡಿಸುತ್ತಿದ್ದಳು.

ಕನ್ನಡದ ಸೀಸೆ ತೆಲುಗಿನಲ್ಲಿ ಸೀಸಾ. ಬುಡ್ಡಿ ಎರಡು ಭಾಷೆಗಳಲ್ಲೂ ಬುಡ್ಡಿಯೇ. ಗಡಿಸೀಮೆಯವರಾದ ನಮಗೆ ಇದೂ ಒಂದು ಸಂತೋಷ.

ಹಾಳಾದ ಗಾಜಿನ ಸೊಬಗು

ಮಣ್ಣಿನಲ್ಲಿ ಬಹುಕಾಲ ಹೂತಿದ್ದ ಗಾಜಿಗೆ ಕೆಲವೊಮ್ಮೆ ನವಿಲುಗರಿಯಂಥ ಬಣ್ಣಗಳು ಬರುತ್ತವೆ. ಇದು ಮೂಲದ ಬಣ್ಣವಲ್ಲ. ನೀರಿನ ಅಂಶವು ಗಾಜಿನ ಕ್ಷಾರವನ್ನು ಹೀರಿ ಹೊರಮೈ ಪೊರೆಪೊರೆಯಾಗಿ ಸಡಿಲವಾಗುತ್ತದೆ. ಆ ತೆಳುಪೊರೆಗಳಿಂದ ಮರಳಿದ ಬೆಳಕು ಒಂದರೊಡನೊಂದು ಬೆರೆತು ಬಣ್ಣವಾಗಿ ಕಾಣುತ್ತದೆ. ಬೆಂಗಳೂರಿನಲ್ಲಿದ್ದ ಸರ್ ಸಿ. ವಿ. ರಾಮನ್ ಅವರು ಹೀಗೆ ಶಿಥಿಲವಾದ ಪ್ರಾಚೀನ ಗಾಜಿನ ಬಣ್ಣಗಳನ್ನು ಪರೀಕ್ಷಿಸಿ 1940ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಬಂಧ ಪ್ರಕಟಿಸಿದರು. ನೊಬೆಲ್ ಬಹುಮಾನ ಪಡೆದವರು ಒಡೆದ ಗಾಜಿನ ಚೂರನ್ನು ಕೈಯಲ್ಲಿ ಹಿಡಿದು ಕುಳಿತ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸಂಗ್ರಹಿಸುವವರಿಗೆ ನಾಲ್ಕು ಮಾತು

ಒಂದು: ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬಟ್ಟೆ ಸಾಕು. ಆಮ್ಲ, ಬೂದಿ, ಮರಳು ಹಾಕಿ ಉಜ್ಜಬಾರದು. ಕುದಿನೀರನ್ನು ಎಂದಿಗೂ ಹಾಕಬಾರದು. ನವಿಲುಬಣ್ಣ ಬಂದ ಗಾಜಿನ ಪೊರೆ ನೀರಿಗೇ ಕಳಚುತ್ತದೆ; ಅದನ್ನು ಒಣಬಟ್ಟೆಯಿಂದ ಮೆಲ್ಲಗೆ ಮುಟ್ಟಿದರೆ ಸಾಕು. ಔಷಧದ ಸೀಸೆಯ ಒಳಗೆ ಏನಾದರೂ ಉಳಿದಿದ್ದರೆ ಮಕ್ಕಳ ಕೈಗೆ ಕೊಡದೆ, ಮೂಸಿ ನೋಡದೆ ದೂರವಿಡಬೇಕು.

ಎರಡು: ಸೀಸೆ ಸಿಕ್ಕ ದಿನವೇ ವಹಿಯಲ್ಲಿ ಬರೆಯಬೇಕು. ಎಲ್ಲಿ ಸಿಕ್ಕಿತು, ಯಾರ ಮನೆಯದು, ಏನಿಡಲು ಬಳಸುತ್ತಿದ್ದರು, ಅಳತೆಯೆಷ್ಟು ಎಂಬ ನಾಲ್ಕು ಸಾಲು ಇರಲಿ. ಆ ಸಾಲುಗಳಿಲ್ಲದ ಸೀಸೆ ಅರ್ಧ ಸೀಸೆ. ನಾನು ಮಾರಿದ ಎರಡು ಚೀಲಗಳ ಮೇಲೆ ಯಾರಾದರೂ ಒಂದು ಚೀಟಿ ಕಟ್ಟಿದ್ದರೆ ಅವು ಇಂದು ಉಳಿದಿರುತ್ತಿದ್ದವು. ಆದರೆ ಚೀಟಿಯಿಲ್ಲವೆಂಬುದು ನನ್ನ ನೆಪ, ಜವಾನನನ್ನು ಕೇಳಬಹುದಾಗಿತ್ತು.

ಮೂರು: ಹಳೆಯ ಕೋಟೆ, ಗುಡಿ, ಹಾಳುಗೋಡೆಗಳಲ್ಲಿ ಅಗೆಯಬಾರದು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ವಿಜಯನಗರದವರ ಪೆನುಗೊಂಡ ನಮ್ಮ ನೆರೆಯಲ್ಲಿವೆ. ಅಲ್ಲಿಯ ನೆಲದ ಒಂದು ಚೂರೂ ಇದ್ದಲ್ಲೇ ಇದ್ದರೆ ಮಾತ್ರ ಚರಿತ್ರೆ. ನೂರು ವರ್ಷ ಮೀರಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯವಾಗಬಹುದು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿನ ನೆನಪಿಗೆಂದು ಹಳೆಯ ವಸ್ತುವನ್ನು ಪೆಟ್ಟಿಗೆಯಲ್ಲಿಡುವ ಮೊದಲು ಇದನ್ನು ವಿಚಾರಿಸಬೇಕು.

ನಾಲ್ಕು: ಬೆಲೆಗಾಗಿ ಸಂಗ್ರಹಿಸಬೇಡಿ. ನಮ್ಮ ಮನೆಗಳ ಸೀಸೆಗಳಿಗೆ ಸಂತೆಯಲ್ಲಿ ಹೆಚ್ಚು ಬೆಲೆಯಿಲ್ಲ. ಆದ್ದರಿಂದಲೇ ಅವು ಬೇಗ ಅಳಿಯುತ್ತವೆ.

ಒಂದು ಬಿನ್ನಹ

ಈಗ ನಮ್ಮ ಸೀಮೆಗೆ ಹೊಸ ಜಿಲ್ಲೆಯ ಹೆಸರು ಬಂದಿದೆ. 2022ರವರೆಗೆ ಅನಂತಪುರ ಜಿ಼ಲ್ಲೆಯವರಾಗಿದ್ದ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾಗಿದ್ದೇವೆ. ಹೆಸರು ಬದಲಾದರೂ ಚೌಳು ಮಣ್ಣು ಅದೇ, ಮರಳು ಅದೇ. ಆದರೆ ಕನ್ನಡ ಶಾಲೆಗೆ ಮಕ್ಕಳನ್ನು ಸೇರಿಸುವ ಮನೆಗಳು ಕಡಿಮೆಯಾಗುತ್ತಿವೆ. ಕೈಯಲ್ಲಿ ಕಾಸಿಲ್ಲದಿದ್ದಾಗಲೂ ಈ ಶಾಲೆಗೆ ಏನಾದರೂ ಕೊಡಲೇಬೇಕೆಂದು ಸೀಸೆ ತೊಳೆದು ತಂದ ಆ ತಾಯಂದಿರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ. ಅವರು ಕೊಟ್ಟದ್ದಕ್ಕೆ ಸಾಕ್ಷಿಯಾಗಿದ್ದ ವಸ್ತುವನ್ನು ನಾನೇ ತೂಕಕ್ಕೆ ಹಾಕಿದೆ.

ಆದಕಾರಣ ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹವಿಷ್ಟೆ. ಸುವರ್ಣ ಮಹೋತ್ಸವದ ನೆನಪಿಗೆ ವಿಜ್ಞಾನದ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರುವನ್ನು ಇರಿಸಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿ, ಗೂಡಿನಲ್ಲಿ ಹುಡುಕಿ ಒಂದೊಂದು ಸೀಸೆಯನ್ನೋ ಮಸಿಬುಡ್ಡಿಯನ್ನೋ, ಅದರ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದು, ತಂದುಕೊಡಬೇಕು. ಬೀರುವಿನ ವೆಚ್ಚವನ್ನು ನನ್ನ ನಿವೃತ್ತಿ ವೇತನದಿಂದ ಕೊಡುತ್ತೇನೆ. ಅಂದು ಸುಣ್ಣಕ್ಕೆ ಬಳಸಿದ ಹಣ ಶಾಲೆಗೆ ಹಿಂದಿರುಗಿದಂತಾಗಲಿ.

ಮೊದಲ ಸೀಸೆಯನ್ನು ಸಮಾರಂಭದ ದಿನ ನಾನೇ ತಂದು ಒಪ್ಪಿಸುತ್ತೇನೆ. ವಾಲಿ ನಿಲ್ಲುವ ಆ ಹಸಿರು ಸೀಸೆಯನ್ನು ಮಕ್ಕಳು ಕೈಯಲ್ಲಿ ಹಿಡಿದು, ತಳವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಲಿ. ವಹಿಯ ಮೊದಲ ಪುಟದಲ್ಲಿ ಅದನ್ನು ಉಳಿಸಿದ ಜವಾನನ ಹೆಸರನ್ನು ಬರೆಯಬೇಕೆಂದು ಕೋರುತ್ತೇನೆ. ಅವನು ಈಗಿಲ್ಲ. ನಮ್ಮ ಶಾಲೆ ನೂರರ ಸಂಭ್ರಮವನ್ನೂ ಕಾಣಲಿ ಎಂದು ಹಾರೈಸಿ ವಿರಮಿಸುತ್ತೇನೆ.